ಮೊಟ್ಟೆಯ ಪ್ರಶ್ನೆ ಕೇಳಿದ ಹುಡುಗಿಯ ಬಗ್ಗೆ

ಚಿ. ಶ್ರೀಧರನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ಜೀವಕೋಶಗಳು ಚಿಕ್ಕವಾಗಿಯೇ ಇರಬೇಕೆಂದು ಪಾಠ ಮಾಡುತ್ತಿದ್ದಾಗ, ‘ಕೋಳಿಮೊಟ್ಟೆಯ ಹಳದಿಯೂ ಒಂದೇ ಕೋಶವಲ್ಲವೇ ಸರ್, ಅದೇಕೆ ಅಷ್ಟು ದೊಡ್ಡದು?’ ಎಂದು ಒಬ್ಬ ಹುಡುಗಿ ಕೇಳಿದಳೆಂದೂ, ಉತ್ತರ ತೋಚದೆ ನಿಂತ ನೀನು ಈ ವೃತ್ತಿಗೆ ತಕ್ಕವನಲ್ಲವೇನೋ ಎಂದು ಅಂಜಿರುವೆಯೆಂದೂ ಬರೆದಿದ್ದೀಯೆ.

ಲೆಕ್ಕ ನಿನಗೆ ಗೊತ್ತಿರುವುದೇ. 1 ಸೆಂ.ಮೀ. ಬಾಹುವಿನ ಘನಕ್ಕೆ ಮೇಲ್ಮೈ 6 ಚದರ ಸೆಂ.ಮೀ., ಘನಫಲ 1. ಬಾಹು 3 ಸೆಂ.ಮೀ. ಆದರೆ ಮೇಲ್ಮೈ 54, ಘನಫಲ 27. ಒಳಗಿನ ಒಂದೊಂದು ಪಾಲಿಗೆ ಆರರಷ್ಟಿದ್ದ ಮೇಲ್ಮೈ ಎರಡಕ್ಕೆ ಇಳಿಯಿತು. ಕೋಶಕ್ಕೆ ಆಹಾರವೂ ಆಮ್ಲಜನಕವೂ ಒಳಬರಬೇಕಾದದ್ದು, ಕಶ್ಮಲ ಹೊರಹೋಗಬೇಕಾದದ್ದು ಮೇಲ್ಮೈಯ ಮೂಲಕವೇ. ಇದಕ್ಕಿಂತ ಕಠಿಣವಾದದ್ದು ದೂರದ ನಿಯಮ. ವಿಸರಣೆಯಲ್ಲಿ, ಅಂದರೆ ಅಣುಗಳು ತಾವಾಗಿಯೇ ಹರಡಿಕೊಳ್ಳುವಾಗ, ದೂರ 10 ಪಟ್ಟಾದರೆ ಸಮಯ 100 ಪಟ್ಟಾಗುತ್ತದೆ. ಗ್ಲೂಕೋಸ್ ಅಣುವೊಂದು ನೀರಿನಲ್ಲಿ 10 ಮೈಕ್ರೋಮೀಟರ್ ಸಾಗಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಾಕಾದರೆ, 1 ಸೆಂ.ಮೀ. ಸಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಆನೆಯ ಬಹುಪಾಲು ಜೀವಕೋಶಗಳು ಇಲಿಯವುಗಳಿಗಿಂತ ಹೇಳಿಕೊಳ್ಳುವಷ್ಟು ದೊಡ್ಡವಲ್ಲದಿರುವುದು, ಸಂಖ್ಯೆಯಲ್ಲಷ್ಟೇ ಹೆಚ್ಚಿರುವುದು ಇದರಿಂದಲೇ.

ಇಷ್ಟು ತಿಳಿದಿದ್ದೂ ನೀನು ಮೊಟ್ಟೆಗೆ ಹೆದರಿದೆ. ಒಂದನ್ನು ಬಟ್ಟಲಿಗೆ ಒಡೆದು ಹಾಕಿ ನೋಡು. ಹಳದಿಯ ಮೇಲೆ ಕೆಲವೇ ಮಿಲಿಮೀಟರ್ ಅಗಲದ, ಬಿಳಿಚಿದ ಮಚ್ಚೆಯೊಂದು ಕಾಣುತ್ತದೆ. ಕೋಶದ ಜೀವಂತ ಭಾಗವಾದ ಕೋಶರಸ ಮುಖ್ಯವಾಗಿ ಇರುವುದು ಅಲ್ಲಿ. ಉಳಿದ ಹಳದಿಯೆಲ್ಲ ಕೂಡಿಟ್ಟ ಆಹಾರ. ಮೊಟ್ಟೆ ಫಲಿತವಾದರೆ ಆ ಮಚ್ಚೆ ಮಾತ್ರ ಮತ್ತೆ ಮತ್ತೆ ವಿಭಜಿಸಿ ಚಿಕ್ಕ ಕೋಶಗಳಾಗುತ್ತದೆ, ಹಳದಿ ವಿಭಜಿಸುವುದಿಲ್ಲ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ಕಾಡಿನಲ್ಲಿ ಸಿಕ್ಕಿ, 2022ರಲ್ಲಿ ವರದಿಯಾದ ಬ್ಯಾಕ್ಟೀರಿಯವೊಂದು 2 ಸೆಂ.ಮೀ.ವರೆಗೂ ಉದ್ದವಿರುತ್ತದೆ, ಅದರ ಒಳಗನ್ನೂ ಹೆಚ್ಚಾಗಿ ರಸದಾನಿಯೇ, ಅಂದರೆ ದ್ರವದ ಚೀಲವೇ, ತುಂಬಿದ್ದು, ಕೋಶರಸ ಅಂಚಿನಲ್ಲಿ ತೆಳುವಾಗಿ ಹರಡಿದೆ. ಆ ಹುಡುಗಿ ನಿಯಮವನ್ನು ಮುರಿಯಲಿಲ್ಲ, ಅದರ ತಿರುಳಿಗೇ ಕೈ ಹಾಕಿದಳು.

ಬೆನ್ನುಹುರಿಯಿಂದ ಪಾದದವರೆಗೆ ಚಾಚುವ ನರಕೋಶವನ್ನು ಚಿಕ್ಕದೆನ್ನುವುದು ಹೇಗೆಂದು ನಾನೂ ಓದುವಾಗ ಕೇಳಿದ್ದೆ. ‘ಅದು ಹಾಗೆಯೇ, ಬರೆದುಕೊ’ ಎಂಬ ಉತ್ತರ ಸಿಕ್ಕ ಮೇಲೆ ಕೇಳುವುದನ್ನೇ ಬಿಟ್ಟೆ. ಆ ತಂತು ಉದ್ದವೇ ಹೊರತು ದಪ್ಪವಲ್ಲ, ಅದರೊಳಗಿನ ಯಾವ ಬಿಂದುವೂ ಪೊರೆಯಿಂದ ದೂರವಿಲ್ಲ ಎಂಬುದು ನನಗೆ ಹೊಳೆಯುವ ವೇಳೆಗೆ ನಿವೃತ್ತಿ ಹತ್ತಿರವಾಗಿತ್ತು. ಅಷ್ಟು ವರ್ಷ ನನ್ನ ತರಗತಿಯಲ್ಲಿ ಯಾವ ಮಗುವೂ ಇಂಥದ್ದೊಂದನ್ನು ಕೇಳಲಿಲ್ಲವಲ್ಲ ಎಂಬ ಕೊರಗು ಇನ್ನೂ ಹೋಗಿಲ್ಲ. ನೀನು ಅಂಜಿದ ಆ ಗಳಿಗೆಗಾಗಿ ನಾನು ಕಾದಿದ್ದೆ, ಶ್ರೀಧರ.

ಉತ್ತರ ತೋಚದಾಗ ‘ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ’ ಎನ್ನಬಹುದು. ಇದನ್ನು ನಿನಗೆ ಹೇಳಿಕೊಡಬೇಕೇ ಎಂದು ಸಂಕೋಚವಾಗುತ್ತದೆ. ಪುರುಸೊತ್ತಾದರೆ, ಇಲ್ಲವಾದರೆ ಬೇಡ, ದಿನಸಿ ಅಂಗಡಿಯ ಚೈನಾ ಗ್ರಾಸ್ ಕುದಿಸಿ ಗಟ್ಟಿಯಾಗಿಸಿ, 1 ಮತ್ತು 3 ಸೆಂ.ಮೀ. ಘನಗಳಾಗಿ ಕೊಯ್ದು, ಅಡುಗೆಬಣ್ಣದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡು. ಬೆಳಗ್ಗೆ ಎರಡನ್ನೂ ನಡುವೆ ಸೀಳಿದರೆ, ಬಣ್ಣ ಚಿಕ್ಕದರ ನಡುಮಧ್ಯದವರೆಗೂ ಹೋಗಿರುತ್ತದೆ, ದೊಡ್ಡದರ ಒಳಗು ಬೆಳ್ಳಗೇ ಉಳಿದಿರುತ್ತದೆ. ಸೀಳುವ ಕೆಲಸವನ್ನು ಆ ಹುಡುಗಿಗೇ ಕೊಡು, ಆಮೇಲೆ ಅವಳು ಏನು ಕೇಳಿದಳೆಂದು ನನಗೆ ಬರೆ.

ಇಂತಿ,
ನಿನ್ನ ಅತ್ತೆ