ಸ್ಟೀವನ್‌ಸನ್ ನಡೆದ ದಾರಿಯ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ಲೇಖಕ ಸ್ಟೀವನ್‌ಸನ್ ಕತ್ತೆಯ ಜೊತೆ ಫ್ರಾನ್ಸಿನಲ್ಲಿ ನಡೆದ ಪ್ರಯಾಣದ ಬಗ್ಗೆ ನೀನು ಬರೆದ ಸಾಕ್ಷ್ಯಚಿತ್ರದ ಸ್ಕ್ರಿಪ್ಟ್ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ, ಗೊತ್ತಾಗುತ್ತೆ. ಆದರೆ ಕತ್ತೆ ಎಲ್ಲಿ? ಅವನ ಕತ್ತೆ ಮೊಡೆಸ್ಟೀನ್ ಬರೋದೇ ಅಪರೂಪ, ಬಂದಾಗಲೂ ಮುದ್ದು ಪ್ರಾಣಿಯ ಹಾಗೆ ಬಂದು ಹೋಗುತ್ತೆ.

ನಡೆದದ್ದು ಹಾಗಲ್ಲ ಅಲ್ವಾ? 1878ರ ಸೆಪ್ಟೆಂಬರ್ 22ಕ್ಕೆ ಫ್ರಾನ್ಸಿನ ಲ ಮೊನಾಸ್ಟಿಯೇ ಊರಿಂದ ಹೊರಟಾಗ ರಾಬರ್ಟ್ ಲೂಯಿ ಸ್ಟೀವನ್‌ಸನ್‌ಗೆ 27 ವರ್ಷ. 'ಟ್ರೆಷರ್ ಐಲ್ಯಾಂಡ್' ಇನ್ನೂ ಬರೆದಿರಲಿಲ್ಲ. 65 ಫ್ರಾಂಕ್ ಮತ್ತು ಒಂದು ಗ್ಲಾಸ್ ಬ್ರಾಂಡಿ ಕೊಟ್ಟು ಕತ್ತೆ ಕೊಂಡಿದ್ದ, ಆದರೆ ಹೇರು ಕಟ್ಟೋಕೆ ಬರುತ್ತಿರಲಿಲ್ಲ. ಮೊದಲ ದಿನವೇ ಮೂಟೆ ಜಾರಿ ದಾರಿಯಲ್ಲಿ ಬಿತ್ತು. ಕೋಲಲ್ಲಿ ಹೊಡೆದ. ಆಮೇಲೆ ಒಬ್ಬ ಹೋಟೆಲಿನವನು ಮುಳ್ಳುಗೋಲು ಮಾಡಿಕೊಟ್ಟ, ಅದರಿಂದ ಚುಚ್ಚಿದ. ಅದರ ಮುಂಗಾಲುಗಳ ಒಳಭಾಗ ಹಸಿ ಮಾಂಸದ ಹಾಗಾಗಿತ್ತು, ಬಾಲದ ಕೆಳಗಿಂದ ರಕ್ತ ಇಳಿಯುತ್ತಿತ್ತು ಅಂತ ಅವನೇ ಬರೆದಿದ್ದಾನೆ. ಮೂರು ದಿನ ಜೊತೆಗೆ ನಡೆದರೂ ಪ್ರೀತಿ ಹುಟ್ಟಲಿಲ್ಲ ಅಂತಾನೂ ಬರೆದಿದ್ದಾನೆ.

ಅವನು ಮುಚ್ಚಿಡದ್ದನ್ನು ನೀನ್ಯಾಕೆ ಮುಚ್ಚಿಡುತ್ತೀಯ? ದೊಡ್ಡ ಲೇಖಕ ಅನ್ನೋ ಗೌರವದಿಂದ ಒರೆಸಿಬಿಟ್ಟರೆ ಉಳಿಯೋದು ಸುಮ್ನೆ ಬೆಟ್ಟ, ಮಂಜು, ಹಿನ್ನೆಲೆ ಸಂಗೀತ. ಅವನ ದಾರಿ ಈಗ ಜಿಆರ್ 70 ಅನ್ನೋ ಹೆಸರಿನ ಕಾಲುಹಾದಿ, ಹೆಚ್ಚುಕಮ್ಮಿ 270 ಕಿಲೋಮೀಟರ್. ಇವತ್ತಿಗೂ ಅಲ್ಲಿ ಕತ್ತೆ ಬಾಡಿಗೆಗೆ ಸಿಗುತ್ತೆ. ಆ ಜನರ ಹತ್ತಿರ ಹೋಗು. ಹೇರು ಎರಡೂ ಕಡೆ ಸಮ ತೂಗೋ ಹಾಗೆ ಹೇಗೆ ಕಟ್ಟುತ್ತಾರೆ, ಹುಣ್ಣಾಗಿದೆಯಾ ಅಂತ ಎಲ್ಲಿ ಮುಟ್ಟಿ ನೋಡುತ್ತಾರೆ, ಕೇಳು. ಅವರ ಕೈ ಮೇಲೆ ಕ್ಯಾಮೆರಾ ಇರುವಾಗ ಸ್ಟೀವನ್‌ಸನ್ ಬರೆದ ಆ ರಕ್ತದ ಸಾಲು ಓದಿಸು, ನಿನ್ನ ಕಡೆಯಿಂದ ಒಂದು ಮಾತೂ ಸೇರಿಸಬೇಡ.

ಲೊಜೇರ್ ಬೆಟ್ಟದ ರಾತ್ರಿಯಲ್ಲಿ ನಕ್ಷತ್ರ ತೋರಿಸುತ್ತಾ ನಕ್ಷತ್ರದ ವರ್ಣನೆಯನ್ನೇ ಓದಿಸಿದ್ದೀಯ. ತೆಗೆದುಬಿಡು. ಪೈನ್ ಮರಗಳ ನಡುವೆ ಮಲಗಿ ಎದ್ದವನು, ಆ ರಾತ್ರಿಯ ವಸತಿಗೆ ಬಾಡಿಗೆ ಅಂತ ಹುಲ್ಲಿನ ಮೇಲೆ ನಾಣ್ಯ ಹಾಕುತ್ತಾ ಹೋದ, ಅದನ್ನಿಟ್ಟುಕೋ. ಲ ಪೋಂ ದ ಮೋಂವೆರ್‌ನಲ್ಲಿ 1702ರ ಪ್ರೊಟೆಸ್ಟಂಟರ ದಂಗೆಯ ಕಥೆ ಉದ್ದವಾಯಿತು. ಇವನೂ ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ಮನೆಯವನು, ಅದಕ್ಕೇ ಆ ಬಂಡಾಯಗಾರರ ಊರು ಅವನನ್ನು ಅಷ್ಟು ಹಿಡಿಯಿತು, ಇಷ್ಟು ಸಾಕು. ಹಾಂ, ಮಾಂದ್ ಊರಿನ ವಿಷಯ ಯಾಕೆ ಬಿಟ್ಟೆ? ಅಲ್ಲಿಗೆ ರೈಲು ಬರೋ ಮೊದಲೇ ಸ್ಟೇಷನ್ ಕಟ್ಟಿ ಕಾಯುತ್ತಿದ್ದಾರೆ ಅಂತ ಅವನು ಕೇಳಿ ಬರೆದಿದ್ದಾನಲ್ಲ, ಆ ಕಾಲದ ಹಳ್ಳಿಗಾಡನ್ನು ತೋರಿಸೋಕೆ ಅದಕ್ಕಿಂತ ಒಳ್ಳೇದು ಸಿಗೋದು ಕಷ್ಟ.

ಕೊನೆಯ ದೃಶ್ಯದಲ್ಲಿ ಅವನ ಕಣ್ಣೀರು ಮಾತ್ರ ಇದೆ. ಅತ್ತದ್ದು ನಿಜ. ಆದರೆ ಸೇಂ ಜಾನ್ ದ್ಯು ಗಾರ್‌ನಲ್ಲಿ ಕತ್ತೆಗೆ ಎರಡು ದಿನ ವಿಶ್ರಾಂತಿ ಬೇಕು ಅಂದಾಗ, ಆಲೆಸ್‌ನಲ್ಲಿ ಕಾಗದಗಳು ಕಾಯುತ್ತಿವೆ ಅನ್ನೋ ಅವಸರದಲ್ಲಿ ಜೀನು ಸಮೇತ 35 ಫ್ರಾಂಕಿಗೆ ಮಾರಿದ. ಅದಾದ ಮೇಲೆ ಗಾಡಿಯಲ್ಲಿ ಕೂತು ಅತ್ತ. ಇದೇ ಕ್ರಮದಲ್ಲಿ ಬರೆ.

ಕತ್ತೆಯವರ ಜೊತೆ ಮಾತಾಡಿದ ಮೇಲೆ ಎರಡನೇ ಕರಡು ಕಳಿಸು, ಉದ್ದ ಇದ್ದರೂ ಪರವಾಗಿಲ್ಲ, ಓದುತ್ತೇನೆ.

ನಿನ್ನ ಅಣ್ಣ