ಆ 7.2ಕ್ಕೆ ಎದೆಗೆಡಬೇಡ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸ್ಕ್ಯಾನಲ್ಲಿ ಶ್ವಾಸಕೋಶದಲ್ಲಿ ನೆರಳು ಕಂಡಿರುವ ನಿಮ್ಮಪ್ಪನ ರಕ್ತದ ರಿಪೋರ್ಟಿನ ಫೋಟೋ ಸಿಕ್ಕಿತು. ಸಿಇಎ (ಕೆಲವು ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಒಂದು ಪ್ರೋಟೀನು, ಇಂಥದ್ದಕ್ಕೆ ಮಾರ್ಕರ್ ಅನ್ನುತ್ತಾರೆ) 7.2 ಅನ್ನುವಲ್ಲಿ ನೀನೇ ಕೆಂಪು ಪೆನ್ನಲ್ಲಿ ಎರಡು ಸುತ್ತು ಹಾಕಿದ್ದೀಯ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅಂತ ಕಾಣುತ್ತೆ.

5ರೊಳಗಿರಬೇಕು ಅಂತ ಅಚ್ಚಾಗಿರುವುದು ನಿಜ. ಆದರೆ ನನ್ನ ತಮ್ಮ 30 ವರ್ಷದಿಂದ ಸಿಗರೇಟು ಬಿಟ್ಟವನಲ್ಲ. ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಇಷ್ಟು ಏರುವುದುಂಟು, ಲಿವರ್ ಕೆಟ್ಟರೂ ಏರುತ್ತೆ. 1965ರಲ್ಲಿ ಅದು ಮೊದಲು ಪತ್ತೆಯಾದದ್ದೇ ದೊಡ್ಡ ಕರುಳಿನ ಗಡ್ಡೆಯಲ್ಲಿ. ಶ್ವಾಸಕೋಶದ್ದೇ ಅಂತ ಬೆರಳು ಮಾಡಿ ತೋರಿಸುವ ಶಕ್ತಿ ಅದಕ್ಕಿಲ್ಲ. ಗಡ್ಡೆ ಇದ್ದೂ ಮಾರ್ಕರ್ ನಾರ್ಮಲ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಸ್ಕ್ಯಾನಲ್ಲಿ ಕಂಡ ನೆರಳು ಏನು ಅಂತ ಹೇಳುವುದು ಬಯಾಪ್ಸಿ, ಅಂದರೆ ಅಲ್ಲಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷಿಸುವುದು. "ರಕ್ತದಲ್ಲೇ ಗೊತ್ತಾಗಲ್ವಾ ಡಾಕ್ಟ್ರೇ" ಅಂತ ಅದನ್ನು ಮುಂದೂಡಬೇಡ. ಕ್ಯಾನ್ಸರೇ ಆದರೂ, ಯಾವ ಔಷಧ ಹಿಡಿಯುತ್ತೆ ಅಂತ ತಿಳಿಯಲು ಇಜಿಎಫ್‌ಆರ್, ಎಎಲ್‌ಕೆ ಅನ್ನುವ ಜೀನುಗಳ ಪರೀಕ್ಷೆಗೆ ಸಾಮಾನ್ಯವಾಗಿ ಆ ಚೂರು ಮಾಂಸವೇ ಬೇಕು.

ಲ್ಯಾಬಿನಲ್ಲಿದ್ದಾಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಎನ್‌ಎಸ್‌ಇ ಅಂತ ಇನ್ನೊಂದು ಮಾರ್ಕರಿದೆ, ಸ್ಮಾಲ್ ಸೆಲ್ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರಿನ ಅನುಮಾನ ಬಂದರೆ ಬರೆಯುತ್ತಾರೆ. ಒಬ್ಬರಿಗೆ ನರ ಸಿಗಲಿಲ್ಲ, ಸಿರಿಂಜನ್ನು ಜೋರಾಗಿ ಎಳೆದೆ. ಟ್ಯೂಬನ್ನು ಮೆಷೀನಲ್ಲಿ ಗಿರಗಿರ ತಿರುಗಿಸಿದ ಮೇಲೆ ತಿಳಿಹಳದಿ ಇರಬೇಕಾದ ಸೀರಮ್ (ರಕ್ತಕಣ ಬೇರೆಯಾಗಿ ಮೇಲೆ ಉಳಿಯುವ ತಿಳಿ) ಗುಲಾಬಿ ಬಣ್ಣಕ್ಕಿತ್ತು. ಡ್ಯೂಟಿ ಮುಗಿಯುವ ಹೊತ್ತು, ಹಾಗೇ ಮೆಷೀನಿಗೆ ಹಾಕಿಬಿಟ್ಟೆ. ಕೆಂಪು ರಕ್ತಕಣದೊಳಗೇ ಎನ್‌ಎಸ್‌ಇ ಇರುತ್ತೆ; ಕಣ ಒಡೆದರೆ ಅದು ಸೀರಮ್ಮಿಗೆ ಸೇರಿ ಅಂಕಿ ಸುಳ್ಳೇ ಏರುತ್ತೆ. ಆ ಮನೆಯವರು ನಾಲ್ಕು ದಿನ ಅನ್ನ ನೀರು ಬಿಟ್ಟು ಕೂತರು. ಹೊಸ ಸ್ಯಾಂಪಲ್ ನಾರ್ಮಲ್ ಬಂತು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಹಾಗಂತ ಮಾರ್ಕರ್ ಬರೀ ದಂಡ ಅಂತಲ್ಲ. ಕ್ಯಾನ್ಸರ್ ಖಚಿತವಾದರೆ, ಚಿಕಿತ್ಸೆಗೆ ಮೊದಲಿನ ಅಂಕಿ ಒಂದು ಬರೆದಿಟ್ಟುಕೋ. ಆಮೇಲೆ ಪ್ರತಿ ಸಲವೂ ಅದೇ ಲ್ಯಾಬಿನಲ್ಲೇ ಮಾಡಿಸು. ಲ್ಯಾಬು ಬದಲಾದರೆ ಕಿಟ್ಟೂ ಬದಲಾಗಬಹುದು, ಅಂಕಿಗಳನ್ನು ಹೋಲಿಸಲಾಗದು. ಇಳಿಯುತ್ತಿದೆಯೋ ಏರುತ್ತಿದೆಯೋ ಅನ್ನುವುದನ್ನು ಸ್ಕ್ಯಾನಿನ ಜೊತೆ ಇಟ್ಟು ಓದಬೇಕು. ಕೀಮೋ ಶುರುವಾದ ಹೊಸದರಲ್ಲಿ ಗಡ್ಡೆಯ ಕಣಗಳು ಸಾಯುವಾಗ ಒಮ್ಮೊಮ್ಮೆ ಏರಿ ಆಮೇಲೆ ಇಳಿಯುತ್ತೆ, ಆಗ ಕೆಂಪು ಪೆನ್ನು ತೆಗೀಬೇಡ.

ಬಯಾಪ್ಸಿ ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡು. ಅವನು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳು. ಕೇಳದೆ ನೀವೇ ನಿಲ್ಲಿಸಬೇಡಿ.

ಇಂತಿ,
ನಿನ್ನ ದೊಡ್ಡಪ್ಪ