ಅಂತು ಕೇಳಿದ ಪ್ರಶ್ನೆ

ರೋಮ್
20 ಫೆಬ್ರವರಿ 2026

ಪ್ರೀತಿಯ ಅವ್ವನಿಗೆ,

ಮಗಳ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿ ಅರ್ಧಕ್ಕೇ ಇಟ್ಟುಬಿಟ್ಟೆ. ಅದಕ್ಕೇ ಊರಿಗೆ ಹೊರಟಿರುವ ಗೆಳತಿಯ ಕೈಯಲ್ಲಿ ಈ ಕಾಗದ ಕೊಟ್ಟು ಕಳುಹಿಸುತ್ತಿದ್ದೇನೆ. ಮೊಮ್ಮಗ ಅಂತುವೇ ಓದಿ ಹೇಳಲಿ. ಅವನದೇ ವಿಷಯವಾದ್ದರಿಂದ ಒಂದಕ್ಷರವನ್ನೂ ನುಂಗುವುದಿಲ್ಲ.

ಧರ್ಮೋಪದೇಶದ ತರಗತಿಯಲ್ಲಿ ಅವನು ಕೇಳಿದ್ದೇನು? “ಬೇರೆ ಗ್ರಹದಲ್ಲಿ ಜನ ಇದ್ದರೆ, ಯೇಸುಸ್ವಾಮಿ ಅವರಿಗಾಗಿಯೂ ಶಿಲುಬೆಗೆ ಏರಿದರೇ?” ಅಷ್ಟಕ್ಕೆ ಮಗುವನ್ನು ಅರ್ಧ ಗಂಟೆ ಮಂಡಿಯೂರಿಸಿದರು. ಮನೆಗೆ ಬಂದರೆ ನಿನ್ನಿಂದ ಇನ್ನೊಂದು ಸುತ್ತು. ದೇವರ ವಿಷಯದಲ್ಲಿ ತಲೆಹರಟೆ ಮಾಡುತ್ತಾನೆ ಎಂದು ನನಗೂ ದೂರು ಹೇಳಿದೆ. ಅವ್ವ, ಅದು ತಲೆಹರಟೆಯಲ್ಲ. ನಮ್ಮ ಧರ್ಮಸಭೆಯ ಪಂಡಿತರು ಆರುನೂರು ವರ್ಷಗಳಿಂದ ಜಗ್ಗಾಡುತ್ತಿರುವ ಗಂಟನ್ನೇ ನಿನ್ನ ಮೊಮ್ಮಗ ಹಿಡಿದಿದ್ದಾನೆ.

ನಾನು ನೋಡಿಕೊಳ್ಳುವ ಅಜ್ಜಿಗೆ ತರಕಾರಿ ತರಲು ಕಾಂಪೊ ದೇ ಫಿಯೋರಿ ಎಂಬ ಚೌಕದ ಸಂತೆಗೆ ಹೋಗುತ್ತೇನೆ. ಟೊಮೆಟೊ ಬುಟ್ಟಿಗಳ ನಡುವೆ ಮುಸುಕು ಹೊದ್ದ ಸನ್ಯಾಸಿಯೊಬ್ಬನ ಕಂಚಿನ ಪ್ರತಿಮೆಯಿದೆ. ಹೆಸರು ಜೋರ್ಡಾನೊ ಬ್ರೂನೊ. ನಕ್ಷತ್ರಗಳೆಲ್ಲ ಸೂರ್ಯರೇ, ಅವುಗಳ ಸುತ್ತಲೂ ಲೋಕಗಳಿವೆ, ಅಲ್ಲಿಯೂ ಜೀವಿಗಳಿದ್ದಾರೆ ಎಂದು ಬರೆದವನು. 1600ರ ಫೆಬ್ರವರಿ 17ರಂದು ಅವನನ್ನು ಅಲ್ಲೇ ಜೀವಂತ ಸುಟ್ಟರು. ಪೀಠದ ಮೇಲೆ ‘ಚಿತೆ ಉರಿದ ಜಾಗ ಇದು’ ಎಂಬ ಅರ್ಥದ ಮಾತು ಕೆತ್ತಿದ್ದಾರೆ. ಬೇರೆ ಲೋಕಗಳ ಮಾತಿಗಾಗಿಯೇ ಸುಟ್ಟರು ಎಂದು ಪ್ರವಾಸಿಗರಿಗೆ ಹೇಳುವುದುಂಟು; ಅದು ಪೂರ್ತಿ ನಿಜವಲ್ಲ. ತ್ರಿತ್ವವನ್ನೂ ಯೇಸುವಿನ ದೈವತ್ವವನ್ನೂ ಪ್ರಶ್ನಿಸಿದ್ದು ಮುಖ್ಯ ಆರೋಪಗಳಾಗಿದ್ದವು; ಲೋಕಗಳ ಮಾತೂ ಆ ಪಟ್ಟಿಯಲ್ಲಿತ್ತು. ಯಾವುದಕ್ಕಾದರೂ ಸರಿ, ಮನುಷ್ಯನನ್ನು ಸುಟ್ಟದ್ದು ತಪ್ಪೇ. 2000ರಲ್ಲಿ ವ್ಯಾಟಿಕನ್ನೂ ವಿಷಾದ ಹೇಳಿತು. ಈ ಮಂಗಳವಾರ ಹೋದಾಗ ಪ್ರತಿಮೆಯ ಕಾಲಬುಡದಲ್ಲಿ ಹೂವು ಇಟ್ಟಿದ್ದರು. ಮಾರನೆಯ ದಿನವೇ ಬೂದಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವಾಗ ಆ ಚೌಕವೇ ಕಣ್ಣಮುಂದೆ ಬಂತು.

ಆದರೆ ಅಲ್ಲಿಂದ ಅರ್ಧ ಗಂಟೆ ನಡೆದರೆ ಇನ್ನೊಂದು ಗುರುತಿದೆ. ಯೇಸುವಿನ ಶಿಷ್ಯ ಸಂತ ಪೇತ್ರರ ಸಂಕೋಲೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ದೇವಾಲಯ. ಜನರೆಲ್ಲ ಮೈಕೆಲಾಂಜೆಲೊ ಕೆತ್ತಿದ ಮೋಶೆಯ ಪ್ರತಿಮೆಯ ಮುಂದೆ ನೂಕುನುಗ್ಗಲು. ಎಡಗೋಡೆಯ ಸಮಾಧಿಯ ಕಡೆ ಯಾರೂ ತಿರುಗುವುದಿಲ್ಲ. ಅದು ಜರ್ಮನಿಯ ಕೂಸಾ ಊರಿನ ಧರ್ಮಪಂಡಿತ ನಿಕೊಲಾಸ್ ಅವರ ಸ್ಮಾರಕ. ಬೇರೆ ನಕ್ಷತ್ರಗಳಲ್ಲೂ ವಾಸಿಸುವವರು ಇರಬಹುದು ಎಂದು ಅವರು 1440ರಲ್ಲೇ, ಬ್ರೂನೊ ಹುಟ್ಟುವ ಎಷ್ಟೋ ಮೊದಲೇ, ಬರೆದರು. ಅವರಿಗೆ ಯಾರೂ ಬೆಂಕಿ ಇಡಲಿಲ್ಲ. 1448ರಲ್ಲಿ ಕಾರ್ಡಿನಲ್ ಮಾಡಿದರು! ಪೇತ್ರರ ಮುಂದೆ ಅವರು ಮೊಣಕಾಲೂರಿರುವ ಕೆತ್ತನೆ ಸಮಾಧಿಯ ಮೇಲಿದೆ. ಅಂತುವನ್ನು ಮಂಡಿಯೂರಿಸಿದ ಸುದ್ದಿ ಕೇಳಿದ ವಾರವೇ ಅದನ್ನು ಮತ್ತೆ ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಅಂತುವಿನ ಗಂಟಿಗೆ ಬರುತ್ತೇನೆ. ಜನ್ಮಪಾಪ ಮೊದಲ ಮನುಷ್ಯ ಆದಾಮನಿಂದ ಬಂದದ್ದು ಎಂದು ನಾವು ಕಲಿತಿದ್ದೇವೆ. ಅನ್ಯಲೋಕದವರು ಆದಾಮನ ಮಕ್ಕಳಲ್ಲ. ಹಾಗಾದರೆ ಅವರಿಗೆ ಪಾಪವೇ ಇಲ್ಲವೇ? ಇದ್ದರೆ, ಬೆತ್ಲೆಹೇಮಿನಲ್ಲಿ ಹುಟ್ಟಿ ಜೆರುಸಲೇಮಿನಲ್ಲಿ ಸತ್ತ ಒಬ್ಬ ಯೇಸು ಅವರಿಗೂ ಸಾಕೇ, ಅಥವಾ ಲೋಕಲೋಕಕ್ಕೂ ಹೋಗಿ ಸಾಯಬೇಕೇ? ಕೂಸಾದವರ ಕಾಲದಲ್ಲೇ ವೊರಿಲೋಂಗಿನ ವಿಲಿಯಂ ಎಂಬ ಫ್ರಾನ್ಸಿಸ್ಕನ್ ಗುರು, ಇಲ್ಲಿನ ಒಂದೇ ಮರಣ ಎಲ್ಲ ಲೋಕಗಳಿಗೂ ಸಾಕು, ಮತ್ತೆಲ್ಲೋ ಹೋಗಿ ಸಾಯುವುದು ತಕ್ಕದ್ದಲ್ಲ ಎಂದರು. ಮುಂದಿನ ಶತಮಾನದಲ್ಲಿ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರನ ಜೊತೆಗಾರ ಮೆಲಾಂಕ್ತನ್ ಅದೇ ದಾರವನ್ನು ತಿರುಗಿಸಿ ಎಳೆದ: ಕ್ರಿಸ್ತನು ಸತ್ತದ್ದು ಒಂದೇ ಸಲ, ಆದ್ದರಿಂದ ಬೇರೆ ಲೋಕಗಳೇ ಇಲ್ಲ. ಉತ್ತರ ಕಷ್ಟವಾದರೆ ಪ್ರಶ್ನೆಯನ್ನೇ ಮನೆಯಿಂದ ಆಚೆ ಹಾಕುವ ಈ ಉಪಾಯ ನಮ್ಮ ಧರ್ಮೋಪದೇಶದವರಿಗೂ ಚೆನ್ನಾಗಿ ಗೊತ್ತಿದೆ ಎನ್ನಿಸುತ್ತದೆ.

ನನಗೆ ಹಿಡಿಸಿದ್ದು ಮಾತ್ರ ಫಾದರ್ ಫ್ಯೂನೆಸ್ ಅವರ ಮಾತು. ವ್ಯಾಟಿಕನ್ನಿಗೆ ತನ್ನದೇ ಖಗೋಳ ವೀಕ್ಷಣಾಲಯ ಇದೆ, ಗೊತ್ತೇ? ಕಳೆದ ಸೆಪ್ಟೆಂಬರಿನಿಂದ ಅದರ ನಿರ್ದೇಶಕರು ನಮ್ಮ ದೇಶದವರೇ ಆದ ಫಾದರ್ ರಿಚರ್ಡ್ ಡಿಸೋಜಾ. 2008ರಲ್ಲಿ ಆ ಸ್ಥಾನದಲ್ಲಿದ್ದ ಫ್ಯೂನೆಸ್, ಅನ್ಯಲೋಕದ ಜೀವಿಯನ್ನೂ ಸಹೋದರ ಎನ್ನಬಹುದು ಎಂದು ವ್ಯಾಟಿಕನ್ನಿನ ಪತ್ರಿಕೆಗೇ ಹೇಳಿದರು. ತೊಂಬತ್ತೊಂಬತ್ತನ್ನು ಬಿಟ್ಟು ಕಳೆದ ಒಂದನ್ನು ಕುರುಬ ಹುಡುಕಿ ಹೋದ, ಯೇಸು ಹೇಳಿದ ನೂರು ಕುರಿಗಳ ಸಾಮತಿಯನ್ನು ನೆನಪಿಸಿ, ತಪ್ಪಿಸಿಕೊಂಡ ಆ ಒಂದು ಕುರಿ ನಾವೇ ಇರಬಹುದು ಎಂದರು. ಉಳಿದವರು ದೊಡ್ಡಿ ಬಿಟ್ಟು ಹೋಗಿಯೇ ಇಲ್ಲವೇನೋ.

ಇದನ್ನು ಓದಿದಾಗ ನೀನೇ ನೆನಪಾದೆ. ನೀನು ಸಂಜೆ ದೊಡ್ಡಿಯ ಬಾಗಿಲಲ್ಲಿ ಕುರಿಗಳ ಬೆನ್ನು ತಟ್ಟಿ ಎಣಿಸುತ್ತಿದ್ದೆ. ಒಂದು ದಿನ ಒಂದು ಕಡಿಮೆ ಬಂತು. ಒಲೆಯ ಮೇಲಿನ ಮುದ್ದೆ ಎಸರನ್ನು ಹಾಗೇ ಬಿಟ್ಟು, ಲಾಂದ್ರ ಹಿಡಿದು ಕೆರೆ ಏರಿಯ ಕಡೆ ಹೋದೆ. ಬೇಲಿಗೆ ಸಿಕ್ಕಿಕೊಂಡಿದ್ದ ಮರಿಯನ್ನು ಹೆಗಲ ಮೇಲೆ ಹೊತ್ತು ಬಂದಾಗ ನಿನ್ನ ತೋಳೆಲ್ಲ ಮುಳ್ಳಿನ ಗೀರು. ಒಳಗಿದ್ದ ಕುರಿಗಳ ಮೇಲೆ ನಿನಗೆ ಪ್ರೀತಿ ಕಡಿಮೆ ಎಂದು ಅವತ್ತು ಯಾರಾದರೂ ಹೇಳಬಹುದಿತ್ತೇ?

ಹಿಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಕೂಡ 2014ರ ಮೇ ತಿಂಗಳ ಒಂದು ಬೆಳಗಿನ ಪೂಜೆಯಲ್ಲಿ ಇದನ್ನೇ ಎತ್ತಿದ್ದರು. ಮಕ್ಕಳು ಚಿತ್ರ ಬರೆಯುವ ಹಾಗೆ ಹಸಿರು ಮೈ, ಉದ್ದ ಮೂಗು, ದೊಡ್ಡ ಕಿವಿಯ ಮಂಗಳ ಗ್ರಹದವರು ಬಂದು, ಅವರಲ್ಲೊಬ್ಬ ಕ್ರೈಸ್ತನಾಗಲು ಜ್ಞಾನಸ್ನಾನ ಬೇಕು ಎಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅಂದಿನ ವಾಚನ ಪೇತ್ರರು ಯೆಹೂದ್ಯರಲ್ಲದ ಅನ್ಯಜನರ ಮನೆಗೆ ಹೋದದ್ದು; ದೇವರನ್ನು ತಡೆಯಲು ನಾನು ಯಾರು ಎಂದು ಪೇತ್ರರು ಕೇಳಿದ್ದು. ಜಗದ್ಗುರುಗಳನ್ನು ಯಾರೂ ಮಂಡಿಯೂರಿಸಲಿಲ್ಲ.

ಅಂತು, ಇದು ನಿನಗೆ. ಯಾರೂ ಇದುವರೆಗೆ ಸಿಕ್ಕಿಲ್ಲ. ದೂರದ ನಕ್ಷತ್ರಗಳ ಸುತ್ತ ಆರು ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಕಂಡುಹಿಡಿದಿದ್ದಾರೆ, ಒಂದರಲ್ಲೂ ಜೀವ ಇದೆ ಎಂಬ ಖಾತರಿ ಇಲ್ಲ. ಗೆಳತಿಯ ಬಳಿ ಒಂದು ಬೈನಾಕ್ಯುಲರ್ ಕೊಟ್ಟಿದ್ದೇನೆ. ಹಗಲು ಸೂರ್ಯನ ಕಡೆ ಅಪ್ಪಿತಪ್ಪಿಯೂ ಹಿಡಿಯಬೇಡ. ಈ ದಿನಗಳಲ್ಲಿ ಸಂಜೆಯ ಹೊತ್ತು ನೆತ್ತಿಯ ಕಡೆ ಪ್ರಖರವಾಗಿ ಹೊಳೆಯುವುದು ಗುರುಗ್ರಹ. ಕೈ ಅಲುಗದಂತೆ ಗೋಡೆಗೆ ಒರಗಿ ನೋಡಿದರೆ ಪಕ್ಕದಲ್ಲೇ ಸಾಲಾಗಿ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಅದರ ಚಂದ್ರರು; ಅವುಗಳಲ್ಲೊಂದು ಯುರೋಪಾ. ಅದರ ಮಂಜುಗಡ್ಡೆಯ ಕೆಳಗೆ ಕಡಲಿದೆ ಎಂದು ವಿಜ್ಞಾನಿಗಳು ನಂಬುತ್ತಾರೆ. ಅದನ್ನು ನೋಡಲೆಂದು 2024ರಲ್ಲಿ ಹೊರಟ ನೌಕೆ 2030ರಲ್ಲಿ ಗುರುಗ್ರಹಕ್ಕೆ ತಲುಪಬೇಕು. ಆಗ ನಿನಗೆ ಹದಿನೈದು.

ಅವ್ವ, ನೀನೂ ಒಮ್ಮೆ ಕಣ್ಣಿಟ್ಟು ನೋಡು. ಮಂಡಿ ನೋವಿನ ಎಣ್ಣೆಯೂ ಅದೇ ಚೀಲದಲ್ಲಿದೆ, ರಾತ್ರಿ ಹಚ್ಚಿಕೊಂಡು ಮಲಗು. ಬೇಕಾದರೆ ಅಂತುವಿನ ಮಂಡಿಗೂ ಸ್ವಲ್ಪ ಹಚ್ಚು.

ನಿನ್ನ ಮಗಳು